ಬಂದವರ ಭಾರ

ನೆಲ ಅಂದಮೇಲೆ ಅದು ಇದ್ದಲ್ಲೇ ಇರುತ್ತದೆ ಎಂದು ನಾವೆಲ್ಲ ನಂಬಿ ಕೂತಿದ್ದೇವೆ. ಮನೆಯ ಮೇಲೆ ಇನ್ನೊಂದು ಮಹಡಿ ಏರಿಸುವಾಗ ಊರು ಒಂದು ಪಕ್ಕಕ್ಕೆ ವಾಲೀತು ಎಂದು ಯಾರೂ ಹೆದರುವುದಿಲ್ಲ. ಆದರೆ ನೆಲವೇ ನೀರಿನ ಮೇಲೆ ತೇಲುವಂಥದ್ದಾಗಿದ್ದರೆ? ಆಚೆ ಕೇರಿಯವರು ಒಂದು ಒರಳುಕಲ್ಲು ಕೊಂಡರೆ ಈಚೆ ಕೇರಿಯ ಅಂಗಳ ಕೂದಲೆಳೆಯಷ್ಟು ಮೇಲೇಳುವಂತಿದ್ದರೆ? ಆಗ ಜನ ಯಾವುದಕ್ಕೆ ಹೆಮ್ಮೆಪಡುತ್ತಿದ್ದರು, ಯಾವುದಕ್ಕೆ ತಲೆ ತಗ್ಗಿಸುತ್ತಿದ್ದರು?

ತೆಪ್ಪನಾಡು ಅಂಥ ನೆಲ. ಬಹಳ ಹಿಂದೆ ಪಡುಗಡಲಿನ ತಳದಲ್ಲಿ ಬೆಂಕಿಬೆಟ್ಟವೊಂದು ಉಕ್ಕಿ ನೊರೆ ಕಾರಿತು. ನೊರೆ ತಣಿದು ಕಲ್ಲಾಯಿತು. ಒಳಗೆಲ್ಲ ಗಾಳಿಯ ಗೂಡು. ಕೈಗೆ ಕಲ್ಲು, ನೀರಿಗೆ ಬೆಂಡು. ಅದರ ಮೇಲೆ ಉಪ್ಪುನೀರಲ್ಲೇ ಬೇರು ಬಿಡುವ ಕಾಂಡ್ಲ ಗಿಡಗಳು ಬೆಳೆದು, ತುಂಡು ತುಂಡಾಗಿ ತೇಲುತ್ತಿದ್ದ ನೊರೆಗಲ್ಲನ್ನೆಲ್ಲ ಬೇರಿನಿಂದ ಹೊಲಿದು ಒಂದು ಮಾಡಿದವು. ಅದೇ ಬೇರುಗಳ ತುದಿ ಕಡಲಡಿಯ ಬೆಟ್ಟವನ್ನು ಹಿಡಿದುಕೊಂಡಿದ್ದರಿಂದ ನಾಡು ಎತ್ತಲೂ ತೇಲಿಹೋಗದೆ ನಿಂತಿತ್ತು. ದೊಡ್ಡ ನಾಡೇನಲ್ಲ. ಒಲೆಯ ಮೇಲೆ ಗಂಜಿ ಇಟ್ಟು ಮೂಡಣ ಕಡಲಕರೆಯಿಂದ ಹೊರಟರೆ, ಅದು ಬೆಂದು ಆರುವ ಹೊತ್ತಿಗೆ ಪಡುವಣ ಕರೆಯಲ್ಲಿರಬಹುದು. ಮೂಡಣದ ನೆಲ ಎತ್ತರ. ಅಲ್ಲಿ ಮೂಡುಕೇರಿ, ಕಲ್ಲಿನ ಜಗಲಿಯ ದೊಡ್ಡ ಮನೆಗಳು. ಪಡುವಣದ್ದು ತಗ್ಗು, ಅಲ್ಲಿ ಪಡುಕೇರಿ, ಬೆಸ್ತರ ಜೊಂಡಿನ ಮನೆಗಳು.

ತೇಲುವ ನೆಲದ ಮೇಲೆ ಬಾಳುವುದೆಂದರೆ ತೂಗಿ ಬಾಳುವುದು. ನಾಡಿನ ನಡುವಿನ ಕೊಳದಲ್ಲಿ ಒಂದು ಚಪ್ಪಟೆ ದೋಣಿ ಇತ್ತು. ಅದರ ಪಕ್ಕೆಗೆ ಅಡ್ಡಗೆರೆಗಳನ್ನು ಕೊರೆದಿದ್ದರು. ಏನನ್ನೇ ಹೇರಿದರೂ ದೋಣಿ ಎಷ್ಟು ಗೆರೆ ಮುಳುಗಿತೋ ಅದೇ ಅದರ ತೂಕ. ಸುಗ್ಗಿ ಮುಗಿದಮೇಲೆ ಪ್ರತಿ ಮನೆಯವರೂ ಒಲೆ, ಒರಳು, ಹಸು, ಕಣಜದ ಕಾಳು, ಕೂಸು ಕುನ್ನಿ ಸಮೇತ ಬಂದು ಆ ದೋಣಿಯಲ್ಲಿ ತೂಗಿಸಿಕೊಳ್ಳಬೇಕು. ತೂಗಿಸಿಕೊಂಡವರಿಗೆ ನಾಡಸಭೆಯಲ್ಲಿ ಮಾತು. ಒಂದು ಕರೆ ಭಾರವಾಗಿ ಇನ್ನೊಂದು ಹಗುರಾದರೆ, ಹಗುರಾದ ಕರೆಯವರು ಹಡಗಿನವರು ತರುವ ಕರಿಗಲ್ಲನ್ನು ಮನೆಯಲ್ಲಿಟ್ಟುಕೊಂಡು ಸರಿದೂಗಿಸಬೇಕು.

ನಾಡು ಸಮವಾಗಿದೆಯೋ ಇಲ್ಲವೋ ಎಂದು ಹೇಳುವುದು ಕೊಳದ ದಡದ ತೂಗುಮನೆ. ಒಳಗೆ ಮಾಡಿನಿಂದ ನೆಲದವರೆಗೆ ಉದ್ದದ ಹುರಿಯಲ್ಲಿ ಕಬ್ಬಿಣದ ಗುಂಡು ತೂಗುತ್ತದೆ, ಕಲ್ಲುಕುಟಿಗರು ಗೋಡೆಗೆ ಹಿಡಿಯುವ ತೂಗುಗುಂಡಿನ ಹಾಗೆ, ಆದರೆ ಕುಂಬಳಕಾಯಿ ಗಾತ್ರದ್ದು. ಅಲೆಗೆ ಅಲುಗದಿರಲಿ ಎಂದು ಅದರ ಮೊನೆಯನ್ನು ಎಣ್ಣೆಯ ಬಾನಿಯಲ್ಲಿ ಮುಳುಗಿಸಿದ್ದರು. ಬಾನಿಯ ತಳದಲ್ಲಿ ಬಳೆಯೊಳಗೆ ಬಳೆ ಕೊರೆದು ನಡುವೆ ಒಂದು ಬೊಟ್ಟು. ಮೊನೆ ಬೊಟ್ಟಿನ ಮೇಲೆ ನಿಂತರೆ ನಾಡು ಸಮ. ಮೂಡಕ್ಕೆ ಸರಿದರೆ ಮೂಡಣ ಕರೆ ತಗ್ಗಿದೆ ಎಂದು ಅರ್ಥ.

ಆ ಗುಂಡನ್ನು ನೋಡಿ ಹೇಳುವವಳು ಮಾಚಬ್ಬೆ. ಗಂಡ ತೀರಿಕೊಂಡಮೇಲೆ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ಎಣ್ಣೆಯಲ್ಲಿ ದೂಳು ಬೀಳದ ಹಾಗೆ ಸೋಸುವುದು, ಹುರಿಗೆ ಜೇನುಮೇಣ ತೀಡುವುದು, ಉಸಿರು ಬಿಗಿಹಿಡಿದು ಮೊನೆ ನೋಡುವುದು, ಇದರಲ್ಲೇ ಅವಳ ತಲೆ ನರೆತಿತ್ತು. ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಡೀ ನಾಡಿಗೆ ಅವಳು ತೂಗವ್ವ.

"ಏನನ್ನುತ್ತೆ ನಿನ್ನ ಗುಂಡು?" ಬಾಗಿಲಲ್ಲೇ ನಿಂತು ಕೇಳಿದ ಬೀಚರಸ. ಅವಳ ಗಂಡನ ಅಣ್ಣ, ನಾಡಸಭೆಯ ಹಿರಿಯ.

"ಮತ್ತೆ ಮೂಡಕ್ಕೆ ಸರಿದಿದೆ ಭಾವ."

"ಹೋದ ಸುಗ್ಗಿಗಷ್ಟೇ ಪಡುಕೇರಿಯವರಿಗೆ ಕಲ್ಲು ಹೊರಿಸಿದೆವಲ್ಲ?"

"ಹೊರಿಸಿದೆವು. ಸಾಲದು ಅನ್ನುತ್ತಿದೆ."

"ಗುಂಡು ತಪ್ಪಿರಬಹುದೋ?"

ಮಾಚಬ್ಬೆಗೆ ಅದು ಚುಚ್ಚಿತು. "ಗುಂಡು ಸುಳ್ಳು ಹೇಳೋದಿಲ್ಲ ಭಾವ, ತೂಕದ ದೋಣಿಯೂ ಹೇಳೋದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರೋರು ಮನುಷ್ಯರೇ ಇರಬೇಕು."

ಆ ಮಾತನ್ನೇ ಅವಳು ಸಭೆಯಲ್ಲೂ ಆಡಿದಳು. ಪಡುಕೇರಿಯವರು ಕೊಟ್ಟ ಕಲ್ಲನ್ನು ಗುಟ್ಟಾಗಿ ಕಡಲಿಗೆ ತಳ್ಳುತ್ತಿದ್ದಾರೆ, ಇಲ್ಲವಾದರೆ ಗುಂಡು ಹೀಗೆ ಸರಿಯಲು ಬೇರೆ ದಾರಿಯೇ ಇಲ್ಲ ಎಂದಳು. ಅಂದಮೇಲೆ ಕಳ್ಳ ಬೇಕಲ್ಲ, ಸಿಕ್ಕಿದ. ಪಡುಕೇರಿಯ ಕೇತ ಎಂಬ ಬೆಸ್ತ ಕರಿಗಲ್ಲೊಂದನ್ನು ಹೆಗಲ ಮೇಲೆ ಹೊತ್ತು ನೀರಿನಂಚಿಗೆ ಹೋಗುತ್ತಿದ್ದುದನ್ನು ಮೂಡುಕೇರಿಯ ದೋಣಿಯವನೊಬ್ಬ ನೋಡಿದ್ದ.

"ಕಲ್ಲನ್ನು ಹೊರಗೆ ಯಾಕೆ ತಂದೆಯೋ?" ಎಂದು ಬೀಚರಸ ಕೇಳಿದ.

"ನಮ್ಮವ್ವಂಗೆ ಕಾಲು ಚಾಚೋಕೆ ಜಾಗ ಇರಲಿಲ್ಲ ಒಡೆಯಾ. ಹೊರಗಿಟ್ಟೆ. ಕಡಲಿಗೆ ಹಾಕಲಿಲ್ಲ. ಅಲ್ಲೇ ಇದೆ, ಬಂದು ನೋಡಿ."

"ಕಾಲು ಚಾಚೋಕೆ ನಿಮ್ಮವ್ವನ ಕಾಲೇನು ಕೊಕ್ಕರೆಯದೇನೋ?" ಎಂದು ಯಾರೋ ಹಿಂದಿನಿಂದ ಕೂಗಿದರು. ಸಭೆ ನಕ್ಕಿತು.

ಕೇತ ನಗುವವರತ್ತ ತಿರುಗಲಿಲ್ಲ. ಮಾಚಬ್ಬೆಯ ಕಡೆಗೇ ನೋಡಿದ. "ತೂಗವ್ವಾ, ನಾವು ಕಲ್ಲು ಎಸೆದಿದ್ದರೆ ನಮ್ಮ ಕೇರಿ ಮೇಲೇಳಬೇಕಿತ್ತಲ್ಲ? ಅಲೆ ಹೊಸಿಲು ನೆಕ್ಕುತ್ತಿದೆ. ಒರತೆಯ ನೀರು ಉಪ್ಪಾಗಿದೆ. ಇದಕ್ಕೆ ಏನಂತೀರಿ?"

ಮಾಚಬ್ಬೆ ಒಂದು ಗಳಿಗೆಯೂ ತಡೆಯಲಿಲ್ಲ. "ಅಲೆ ಗಾಳಿಗೆ ಏರುತ್ತಪ್ಪಾ. ನನ್ನ ಗುಂಡಿಗೆ ಗಾಳಿ ತಾಗೋದಿಲ್ಲ."

ಸಭೆ ತಲೆದೂಗಿತು. ಎಂಥ ಮಾತು ಎಂದರು. ಅವಳಿಗೂ ಒಳಗೊಳಗೆ ಖುಷಿಯಾಯಿತು.

ಭಾರ ತಪ್ಪಿಸಿದವನಿಗೆ ತೆಪ್ಪನಾಡಿನಲ್ಲಿ ಇದ್ದದ್ದು ಒಂದೇ ಶಿಕ್ಷೆ. ಹುಣ್ಣಿಮೆಯ ಉಬ್ಬರ ಇಳಿಯುವ ಹೊತ್ತಿಗೆ ಮನೆಮಂದಿಯನ್ನೆಲ್ಲ ಒಂದು ದೋಣಿಗೆ ಹತ್ತಿಸಿ, ಕುಡಿಯುವ ನೀರು ಅವಲಕ್ಕಿ ಕೊಟ್ಟು, ಹಗ್ಗ ಬಿಚ್ಚುವುದು. ಸೆಳೆತ ಎತ್ತ ಒಯ್ಯುತ್ತದೋ ಅತ್ತ. ಹಾಗೆ ಹೋದವರು ಮರಳಿದ್ದಿಲ್ಲ. ಕೇತನಿಗೂ ಅದನ್ನೇ ವಿಧಿಸಿದರು. ಹಗ್ಗ ಬಿಚ್ಚುವ ಮೊದಲು ತೂಗವ್ವ ಅವನ ಮನೆಗೆ ಹೋಗಿ ಉಳಿದ ಕಲ್ಲನ್ನು ಎಣಿಸಿ ಬರಬೇಕು ಎಂಬುದೂ ಕಟ್ಟಳೆಯೇ.

ಎಷ್ಟೋ ವರ್ಷಗಳಿಂದ ಪಡುಕೇರಿಗೆ ಕಲ್ಲು ಹೇರಿಸಿದವಳು ಮಾಚಬ್ಬೆ. ಪಡುಕೇರಿಯ ಮನೆಯೊಂದರ ಒಳಗೆ ಅವಳು ಕಾಲಿಟ್ಟದ್ದು ಅವತ್ತೇ ಮೊದಲು.

ಮನೆಯೊಳಗೆ ಕಲ್ಲುಗಳೇ ಇದ್ದವು. ಒಲೆಯ ಪಕ್ಕ ಕಲ್ಲು, ನೀರಿನ ಗಡಿಗೆಯ ಹಿಂದೆ ಕಲ್ಲು, ಬಾಗಿಲಿನಿಂದ ಒಳಗೆ ಬರುವಲ್ಲಿ ಕಲ್ಲು. ನಡುವೆ ಉಳಿದ ಸಂದಿಗಳಲ್ಲಿ ಜನ. ಮೂಲೆಯಲ್ಲಿ ಕೇತನ ತಾಯಿ ಮಂಡಿ ಮಡಚಿ ಮಲಗಿದ್ದಳು. ಕೇತನ ಹೆಂಡತಿ ಸೋವಕ್ಕ ಸೆರಗಿನಿಂದ ಒಂದು ಕಲ್ಲಿನ ನೆತ್ತಿ ಒರೆಸಿ, "ಇಲ್ಲೇ ಕೂತ್ಕೊಳ್ಳಿ ಅವ್ವಾ, ಮಣೆ ಹಾಕೋಕೆ ನೆಲ ಇಲ್ಲ" ಎಂದಳು.

ಮಾಚಬ್ಬೆ ಎಣಿಸಿದಳು. ಒಂದೂ ಕಡಿಮೆಯಿರಲಿಲ್ಲ. ಹೊರಗಿಟ್ಟ ಕಲ್ಲೂ ನೀರಿನಂಚಿನಲ್ಲಿ ಇಟ್ಟಲ್ಲೇ ಇತ್ತು. ಅಕ್ಕಪಕ್ಕದ ಮನೆಗಳನ್ನೂ ನೋಡಿದಳು. ಎಲ್ಲೂ ಕಡಿಮೆಯಿಲ್ಲ. ಒಂದು ಮನೆಯವರಂತೂ ಕೊಟ್ಟದ್ದರ ಮೇಲೆ ತಮ್ಮದೂ ಒಂದು ಸೇರಿಸಿಕೊಂಡಿದ್ದರು. "ಎಲ್ಲಿ ಕಡಿಮೆ ಬಿತ್ತೋ ಏನೋ ಅಂತ, ಹೆದರಿ" ಎಂದಳು ಆ ಮನೆಯ ಹೆಂಗಸು.

ಕೇತನ ಮನೆಗೆ ಮರಳಿದಾಗ ಮಾಚಬ್ಬೆಯ ಬಾಯಿ ಒಣಗಿತ್ತು. ಸೋವಕ್ಕ ನೀರು ಕೊಟ್ಟಳು. ಉಪ್ಪು. ಉಗುಳಲು ಆಗದೆ ನುಂಗಿದಳು. ಚೊಂಬನ್ನು ಹಿಂದಿರುಗಿಸಲು ಒಂದು ಹೆಜ್ಜೆ ಮುಂದೆ ಇಟ್ಟಳು. ನೆಲ ಎಂದರೆ ಜೊಂಡಿನ ಚಾಪೆ, ಅದರಡಿ ತೆಳುವಾದ ನೊರೆಗಲ್ಲು. ಅವಳ ಕಾಲ ಕೆಳಗೆ ಅದು ಮೆಲ್ಲಗೆ ಕುಸಿಯಿತು. ಜೊಂಡಿನ ನಡುವಿನಿಂದ ನೀರು ಒಸರಿ ಅವಳ ಹಿಮ್ಮಡಿ ತೋಯಿಸಿತು, ಮುದುಕಿಯ ಹಾಸಿಗೆಯ ಅಂಚನ್ನೂ ತೋಯಿಸಿತು.

"ಅಯ್ಯೋ, ನನ್ನಿಂದ..." ಎಂದು ಮಾಚಬ್ಬೆ ಹಿಂದೆ ಸರಿದಳು.

"ಇರಲಿ ಬಿಡಿ ಅವ್ವಾ," ಎಂದಳು ಸೋವಕ್ಕ. "ಬಂದವರಿಗೆ ಭಾರವೆಲ್ಲಿ?"

ಕೊಂಕಿನಿಂದ ಹೇಳಿದ್ದಲ್ಲ. ಅದು ತೆಪ್ಪನಾಡಿನ ಉಪಚಾರದ ಮಾತು. ಮನೆಗೆ ಯಾರೇ ಬರಲಿ, ಕೂರಿಸಿ ಮೊದಲು ಹೇಳುವುದು ಅದನ್ನೇ. ಹುಣ್ಣಿಮೆಗೆ ತನ್ನನ್ನು ಕಡಲಿಗೆ ಕಳಿಸುವವಳಿಗೂ ಸೋವಕ್ಕ ಅಭ್ಯಾಸಬಲದಿಂದ ಅದನ್ನೇ ಹೇಳಿದ್ದಳು. ಮಾಚಬ್ಬೆಯೂ ತನ್ನ ಜಗಲಿಯಲ್ಲಿ ನಿಂತು ಆ ಮಾತನ್ನು ಎಷ್ಟು ಸಲ ಹೇಳಿಲ್ಲ! ತೂಗಿಸಿಕೊಳ್ಳುವ ಜನರ ನಾಡಿನಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆಯಿರಲಿಲ್ಲ. ಅತಿಥಿಯನ್ನು ತೂಗುವುದೆಂದರೆ ಅವನು ಉಂಡ ತುತ್ತನ್ನು ಎಣಿಸಿದ ಹಾಗೆ.

ಒದ್ದೆ ಹಿಮ್ಮಡಿಯಲ್ಲಿ ಅವಳು ಹಾಗೇ ನಿಂತಳು. ಬಂದವರಿಗೆ ಭಾರವೆಲ್ಲಿ? ಇಲ್ಲಿದೆಯಲ್ಲ, ಕಾಲ ಕೆಳಗೆ.

ಮೂಡುಕೇರಿಯ ಹಿಂಬದಿಯಲ್ಲಿ, ಕೊಳದ ಮೂಲೆಯಾಚೆ, ಒಂದು ಕೇರಿಯೇ ಇತ್ತು. ಅದರ ಹೆಸರೇ ಬಂದವರ ಕೇರಿ. ಅಜ್ಜಂದಿರ ಕಾಲದಲ್ಲಿ ಆಚೆಯ ದ್ವೀಪವೊಂದು ಮುಳುಗಿದಾಗ ಅಲ್ಲಿನ ಜನ ತೆಪ್ಪಗಳಲ್ಲಿ ಬಂದು ಮೂಡಣ ಕರೆಗೆ ತಾಗಿದ್ದರು. ಮಾಚಬ್ಬೆಯ ಮಾವನ ಅಪ್ಪ ಅವರ ಕಾಲು ತೊಳೆದು, ತನ್ನ ನೆಲದಲ್ಲೇ ಜಾಗ ಕೊಟ್ಟು, ನೀವು ಎಂದೆಂದಿಗೂ ನಮ್ಮ ಅತಿಥಿಗಳು ಎಂದಿದ್ದ. ಆ ಪುಣ್ಯಕ್ಕೇ ಆ ಮನೆತನಕ್ಕೆ ಸಭೆಯ ಹಿರಿತನ ಬಂದದ್ದು. ಬಂದವರು ಮಕ್ಕಳನ್ನು ಹೆತ್ತರು, ಮಕ್ಕಳು ಮೊಮ್ಮಕ್ಕಳನ್ನು ಹೆತ್ತರು. ಮನೆ ಕಟ್ಟಿದರು, ಹಸು ಸಾಕಿದರು, ಕಣಜ ತುಂಬಿದರು, ಬಾವಿಗೆ ಕಟ್ಟೆ ಕಟ್ಟಿದರು. ವರ್ಷ ವರ್ಷ ಬೆಳೆದರು. ಆದರೆ ತೂಕದ ದೋಣಿಗೆ ಅವರನ್ನು ಯಾರೂ ಕರೆಯಲಿಲ್ಲ. ಅತಿಥಿಗಳಲ್ಲವೇ?

ಅವರು ಬೆಳೆದಂತೆಲ್ಲ ಗುಂಡು ಮೂಡಕ್ಕೆ ಸರಿಯಿತು. ಎರಡೂ ಕಡೆ ಭಾರ ಏರಿ ಇಡೀ ನಾಡೇ ತಗ್ಗಿತು, ತಗ್ಗಿನ ಪಡುಕೇರಿಗೆ ಮೊದಲು ನೀರು ಹತ್ತಿತು. ಗುಂಡು ಸರಿದಂತೆಲ್ಲ ಪಡುಕೇರಿಯ ಮನೆಗಳಿಗೆ ಕಲ್ಲು ಬಂತು. ಬರಿಸಿದವಳು ತಾನು.

ಮನೆಗೆ ಬಂದಾಗ ಬೀಚರಸ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ. ಅವಳು ಕಂಬದ ಮರೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಭಾವನ ಮುಖ ನೋಡಿದಳು. ಅಲ್ಲಿ ಆಶ್ಚರ್ಯವಿರಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು ಅಂತಲ್ಲ." ಅವನು ಎಲೆಯ ತೊಟ್ಟು ಮುರಿದ. "ಒಂದೆರಡು ಸಲ ಅನ್ನಿಸಿತ್ತು. ಅನ್ನಿಸಿದ್ದನ್ನೆಲ್ಲ ಬಿಚ್ಚಿ ನೋಡೋಕಾಗುತ್ತಾ ತಂಗೀ? ಅಕ್ಕಿಮೂಟೆ ತೂಗಿದ ಹಾಗೆ ಅವರನ್ನು ದೋಣಿಗೆ ಹತ್ತಿಸೋದಾ? ತಾತ ಕಾಲು ತೊಳೆದ ಜನ. ನಾಳೆ ಅವರು ಎದ್ದು ಹೊರಟರೆ ನಮ್ಮ ಮುಖ ಎಲ್ಲಿಡೋದು?"

"ಹಾಗಂತ ಕೇತನನ್ನು ಕಡಲಿಗೆ ಬಿಡೋದಾ?"

"ಒಳ್ಳೇ ದೋಣಿಯನ್ನೇ ಕೊಡೋಣ. ಬೆಲ್ಲವನ್ನೂ ಇಡೋಣ, ನೀರನ್ನೂ ಹೆಚ್ಚು ಇಡೋಣ." ಸ್ವಲ್ಪ ತಡೆದು ಧ್ವನಿ ತಗ್ಗಿಸಿದ. "ಇನ್ನೊಂದು ಯೋಚನೆ ಮಾಡು. ತೂಗಿಸಿಕೊಂಡವರಿಗೆ ಸಭೆಯಲ್ಲಿ ಮಾತು. ಅವರೀಗ ನಮಗಿಂತ ಹೆಚ್ಚಿದ್ದಾರೆ. ಸಭೆಯಲ್ಲಿ ಕೇತನನ್ನು ಕಳ್ಳ ಅಂದವಳು ನೀನು. ನಾಳೆ ತಪ್ಪಾಯಿತು ಅಂದರೆ ಗುಂಡನ್ನು ನಂಬುವವರು ಯಾರು?"

ಮೊದಲು ಖಾತ್ರಿ ಮಾಡಿಕೊಳ್ಳಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಖಾತ್ರಿ ಆಗಲೇ ಆಗಿತ್ತು. ಬೇಕಾಗಿದ್ದದ್ದು ತಡಮಾಡಲು ಒಂದು ನೆವ.

ಆ ನೆವಕ್ಕೆ ಅವಳು ಮಾಡಿದ ಕೆಲಸ ಇನ್ನೂ ಕೀಳು. ಹುಣ್ಣಿಮೆಗೆ ಮೊದಲು ಬಂದವರ ಕೇರಿಯ ಹಿರಿಯರನ್ನು ದೊಡ್ಡ ಮನೆಗೆ ಊಟಕ್ಕೆ ಕರೆಯುವುದು ವಾಡಿಕೆ. ಈ ಸಲ ಕೊಳದ ಏರಿ ಕೆಸರಾಗಿದೆ, ದೋಣಿಯಲ್ಲೇ ದಾಟಿಸುತ್ತೇನೆ ಎಂದು ಹೇಳಿಕಳಿಸಿದಳು. ತೂಕದ ದೋಣಿಗೆ ಹೊಸ ಚಾಪೆ ಹಾಸಿದಳು. ಗೆರೆಗಳು ಕಾಣದಿರಲಿ ಎಂದು ಪಕ್ಕೆಗೆ ಮಾವಿನ ತೋರಣ ಕಟ್ಟಿ, ತನಗೆ ಮಾತ್ರ ಕಾಣುವಷ್ಟು ಒಂದು ಕಡೆ ಬಿಟ್ಟಳು.

ಬಂದವರು ನಗುನಗುತ್ತ ಬಂದರು. "ಏನು ತೂಗವ್ವಾ, ನಮಗೂ ತೇರಿನ ಮರ್ಯಾದೆ!" ಎಂದು ಒಬ್ಬ ದಪ್ಪಗಿನ ಹೆಂಗಸು ದೋಣಿ ಹತ್ತಿದಳು. ದೋಣಿ ತಗ್ಗಿತು. ಮಾಚಬ್ಬೆ ಹುಟ್ಟುಹಾಕುವ ನೆಪದಲ್ಲಿ ಬಾಗಿ ಗೆರೆ ನೋಡಿದಳು. ಒಬ್ಬೊಬ್ಬರು ಹತ್ತಿದಾಗಲೂ ನೋಡಿದಳು. ಕೊನೆಗೆ ಅವರಲ್ಲಿ ಎಲ್ಲರಿಗಿಂತ ಹಿರಿಯನಾದ ಓಮಾಲಜ್ಜ ಹತ್ತಿದ. ಅವನು ಎದುರಿಗೇ ಕೂತ. ಅವಳ ಕಣ್ಣು ಹೋದ ಕಡೆಗೆ ಅವನ ಕಣ್ಣೂ ಹೋಯಿತು. ತೋರಣದ ಎಲೆಯ ಸಂದಿಯಲ್ಲಿ ಗೆರೆ ಕಂಡಿತು.

ಮುದುಕ ದಡದ ಮೇಲೆ ಒರಗಿಸಿಟ್ಟಿದ್ದ ತನ್ನ ಊರುಗೋಲನ್ನು ಕೈಚಾಚಿ ಎಳೆದುಕೊಂಡು ದೋಣಿಯೊಳಗೆ ಅಡ್ಡ ಇಟ್ಟ.

"ಇದನ್ನೂ ಸೇರಿಸಿಕೊ ಮಗಳೇ," ಎಂದ ಮೆಲ್ಲಗೆ, ಉಳಿದವರಿಗೆ ಕೇಳದಷ್ಟು. "ಹಸು, ಕಣಜ, ಒಲೆಗಲ್ಲು ಮನೆಯಲ್ಲಿವೆ. ಅವನ್ನೂ ತರಿಸಲೇ?"

ಮಾಚಬ್ಬೆಯ ಹುಟ್ಟು ಕೈಯಿಂದ ಜಾರಿ ನೀರಿಗೆ ಬಿತ್ತು. ಯಾರೋ ನಕ್ಕು ಎತ್ತಿಕೊಟ್ಟರು.

ಊಟವಾದಮೇಲೆ ಅವಳು ಕೈಗೆ ನೀರು ಹಾಕುವಾಗ ಓಮಾಲಜ್ಜ ಒಬ್ಬನೇ ಸಿಕ್ಕ. "ನಿಮಗೆ ಗೊತ್ತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಅಜ್ಜಾ?" ಎಂದು ಕೇಳಿಯೇಬಿಟ್ಟಳು.

"ಎಲೆ ಮುಂದೆ ಕೂತವನು ಬಡಿಸುವವರ ಕೈ ತಪ್ಪು ಅಂತ ಹೇಗೆ ಹೇಳೋದು? ನಮ್ಮಪ್ಪ ಒಂದು ಸಲ ಹೇಳೋಕೆ ಬಂದಿದ್ದ. ನಮ್ಮನ್ನೂ ತೂಗಿ ಅಂತ. ನಿನ್ನ ಮಾವ ಬಿಂದಿಗೆ ತರಿಸಿ ಅವನ ಕಾಲು ತೊಳೆದರು. ಬಂದವರಿಗೆ ಭಾರವೆಲ್ಲಿ ಅಂದರು. ಕಾಲು ತೊಳೆಸಿಕೊಂಡವನು ಆಮೇಲೆ ಏನು ಮಾತಾಡಿಯಾನು?" ಮುದುಕ ಒದ್ದೆ ಕೈಯನ್ನು ಹೆಗಲಿನ ಬಟ್ಟೆಗೆ ಒರೆಸಿಕೊಂಡ. "ನಾನು ಇಲ್ಲೇ ಹುಟ್ಟಿದೆ. ಹುಟ್ಟಿದಾಗಿನಿಂದ ಊಟಕ್ಕೆ ಬಂದವನಾಗಿಯೇ ಇದ್ದೇನೆ. ನಮ್ಮ ದೆಸೆಯಿಂದ ಒಂದು ಮನೆ ಕಡಲಪಾಲಾಗುತ್ತೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನೀನು ಹೇಳುತ್ತೀಯಲ್ಲ?"

"ಹೇಳ್ತೀನಿ," ಎಂದಳು ಮಾಚಬ್ಬೆ. "ಖಂಡಿತ ಹೇಳ್ತೀನಿ."

ಹುಣ್ಣಿಮೆಯ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಡೆಲ್ಲ ಪಡುವಣ ಕರೆಯಲ್ಲಿ ಸೇರಿತು. ಉಬ್ಬರ ಏರಿ ನಿಂತಿತ್ತು. ಕೇತ, ಸೋವಕ್ಕ, ಮುದುಕಿ ಮೂವರನ್ನೂ ದೋಣಿಗೆ ಹತ್ತಿಸಿದ್ದರು. ಮುದುಕಿಗೆ ಅಲ್ಲೂ ಮಂಡಿ ಮಡಚುವುದು ತಪ್ಪಲಿಲ್ಲ. ಬೀಚರಸ ಹೇಳಿದಂತೆ ದೋಣಿ ಒಳ್ಳೆಯದೇ ಇತ್ತು, ಬೆಲ್ಲವೂ ಇತ್ತು.

ಮಾಚಬ್ಬೆ ಮಾತಾಡಬೇಕೆಂದು ಮುಂದೆ ಬಂದಳು. "ತೂಗವ್ವನಿಗೆ ದಾರಿ ಬಿಡಿ" ಎಂದು ಜನ ಸರಿದರು. ಒಬ್ಬಳು ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ನಾಲಿಗೆ ಅಲ್ಲೇ ಅಂಟಿತು. ಬೀಚರಸ ಶಿಕ್ಷೆಯ ಮಾತು ಹೇಳಿ ಮುಗಿಸುವ ತನಕ ತಡೆಯೋಣ ಎಂದುಕೊಂಡಳು. ಅವನು ಮುಗಿಸಿದ. ಅಂಬಿಗ ಹಗ್ಗದ ಗಂಟಿಗೆ ಕೈ ಹಾಕಲಿ, ಆಗ ಹೇಳುತ್ತೇನೆ ಎಂದುಕೊಂಡಳು. ಅವನು ಕೈ ಹಾಕಿದ. ಸೋವಕ್ಕ ಇವಳನ್ನೇ ನೋಡುತ್ತಿದ್ದಳು; ಬೈಯಲಿಲ್ಲ, ಬೇಡಲಿಲ್ಲ. ಮಾಚಬ್ಬೆ ಕಣ್ಣು ತಪ್ಪಿಸಿ ನೀರನ್ನು ನೋಡಿದಳು. ಗಂಟು ಬಿಚ್ಚಿತು.

ಆಗ ಗುಂಪಿನ ಹಿಂದಿನಿಂದ ಓಮಾಲಜ್ಜ ಬಂದ. ಊರುಗೋಲನ್ನು ಮರಳಿಗೆ ಚುಚ್ಚಿ ನಿಲ್ಲಿಸಿ, ಮಂಡಿಯುದ್ದ ನೀರಿಗಿಳಿದು, ದೋಣಿಯ ಅಂಚು ಹಿಡಿದು ಒಳಗೆ ಹತ್ತಿ ಕೂತ. ಹಿಂದೆಯೇ ಬಂದವರ ಕೇರಿಯ ಗಂಡಸರು ಇಬ್ಬರು ಮೂವರು ಹತ್ತಿದರು. ಆ ದಪ್ಪಗಿನ ಹೆಂಗಸು ಸೀರೆ ಎತ್ತಿಕಟ್ಟಿ ಹತ್ತಿದಳು.

"ಏನಿದು ಅಜ್ಜಾ, ಇಳೀರಿ! ನೀವು ಅತಿಥಿಗಳು!" ಎಂದು ಬೀಚರಸ ಕೂಗಿದ.

"ಭಾರ ತಪ್ಪಿಸಿದವರು ದೋಣಿ ಹತ್ತಬೇಕು ಅಂತಲ್ಲವೇ ಕಟ್ಟಳೆ?" ಎಂದ ಓಮಾಲಜ್ಜ. "ಹತ್ತಿದ್ದೇವೆ."

ಒಬ್ಬೊಬ್ಬರು ಹತ್ತಿದಂತೆಯೂ ದೋಣಿ ತಗ್ಗಿತು. ನೀರು ಅದರ ಪಕ್ಕೆಯ ಮೇಲೆ ಗೇಣುಗೇಣಾಗಿ ಏರಿತು. ನಾಡಿಗೆ ನಾಡೇ ನೋಡುತ್ತಿತ್ತು. ತೂಕ ನೋಡುವುದು ಹುಟ್ಟಿನಿಂದ ಬಂದ ಜನ. ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೀರು ಅಂಚಿಗೆ ಬಂದು ನಿಂತಿತು. ಅವತ್ತು ಸಭೆಯಲ್ಲಿ ನಕ್ಕಿದ್ದವರು ಒಬ್ಬರ ಮುಖ ಒಬ್ಬರು ನೋಡಲಾರದೆ ಕಾಲ ಹೆಬ್ಬೆರಳು ನೋಡಿಕೊಂಡರು.

ಮಾಚಬ್ಬೆಯ ನಾಲಿಗೆ ಸಡಿಲವಾದದ್ದು ಆಗ. ಹೇಳದೆ ಇರುವುದಕ್ಕೆ ಇನ್ನು ಆಗುವಂತಿರಲಿಲ್ಲ, ಅದಕ್ಕೇ ಹೇಳಿದಳು.

"ಕೇತ ಕಲ್ಲು ಎಸೆದಿಲ್ಲ. ಯಾರೂ ಎಸೆದಿಲ್ಲ. ನಾನು ಎಣಿಸಿ ಬಂದಿದ್ದೇನೆ. ನಾವು ಇವರನ್ನು ಅತಿಥಿಗಳು ಅಂದೆವು, ತೂಗಲಿಲ್ಲ. ಇವರನ್ನು ಕೂರಿಸಿದ್ದು ನಮ್ಮ ಜಗಲಿಯ ಮೇಲೆ ಅಂದುಕೊಂಡಿದ್ದೆವು. ಕೂರಿಸಿದ್ದು ಪಡುಕೇರಿಯವರ ಹೆಗಲ ಮೇಲೆ. ಪುಣ್ಯ ನಮಗೆ, ಕಲ್ಲು ಅವರಿಗೆ."

ಪಡುಕೇರಿಯ ಹುಡುಗರು ನೀರಿಗೆ ಹಾರಿ ದೋಣಿಯನ್ನು ಎಳೆದುತಂದರು. ಕೇತ ತಾಯಿಯನ್ನು ಎತ್ತಿಕೊಂಡು ಇಳಿದ. ಮಾಚಬ್ಬೆಯ ಪಕ್ಕದಲ್ಲೇ ಹಾದುಹೋದ.

ಮುಂದಿನದೆಲ್ಲ ಆಗಬೇಕಾದಂತೆ ಆಯಿತು. ಬಂದವರ ಕೇರಿಯವರು ಸಾಲಾಗಿ ನಿಂತು ತೂಗಿಸಿಕೊಂಡರು. ಸಭೆಯಲ್ಲಿ ಅವರಿಗೆ ಚಾಪೆ ಹಾಸಿದರು. ಮೂಡಣ ಕರೆಯ ಭಾರ ಇಳಿಸಬೇಕಲ್ಲ, ಮೂಡುಕೇರಿಯ ದೊಡ್ಡ ಮನೆಗಳ ಕಲ್ಲಿನ ಜಗಲಿಗಳನ್ನು ಕಿತ್ತು ಕಡಲಿಗೆ ಹಾಕಿದರು. ಮೊದಲು ಕಿತ್ತದ್ದು ಬೀಚರಸನದು. ಅಂದಿನಿಂದ ಅವನು ಅವಳೊಡನೆ ಮಾತು ಬಿಟ್ಟ. ಜಗಲಿಗಳು ಹೋದಂತೆ ಗುಂಡಿನ ಮೊನೆ ಒಂದೊಂದೇ ಬಳೆ ದಾಟಿ ನಡುವಿನ ಕಡೆಗೆ ಬಂತು, ಪಡುಕೇರಿಯ ಮನೆಗಳಿಂದ ಕಲ್ಲೂ ಹೊರಬಿತ್ತು.

ಮಾಚಬ್ಬೆ ಸಭೆಯಲ್ಲಿ ನಿಂತು, ಈ ಕೆಲಸ ಬೇರೆ ಯಾರಿಗಾದರೂ ಕೊಡಿ ಎಂದು ಕೇಳಿಕೊಂಡಳು. ಯಾರೂ ಒಪ್ಪಲಿಲ್ಲ. ಸ್ವಂತ ಭಾವನ ಎದುರಿಗೇ ನಿಜ ಹೇಳಿದ ಹೆಂಗಸು, ಇಂಥ ತೂಗವ್ವ ಎಲ್ಲಿ ಸಿಕ್ಕಾಳು ಎಂದು ಹೊಗಳಿದರು. ಗಂಟು ಬಿಚ್ಚುವ ತನಕ ಅವಳು ಸುಮ್ಮನಿದ್ದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಕ್ಕಳಿಗೆ ಅವಳನ್ನು ತೋರಿಸಿ ಕೈ ಮುಗಿಸಿದರು. ಅವಳು ಕೊಳದ ಕಡೆ ಹೋಗುವಾಗ ಸುತ್ತು ದಾರಿ ಹಿಡಿಯತೊಡಗಿದಳು.

ಕ್ಷಮೆ ಕೇಳಬೇಕೆಂದು ಒಂದು ದಿನ ಪಡುಕೇರಿಗೆ ಹೋದಳು. ಕೇರಿ ಮೇಲೆದ್ದಿತ್ತು. ಅಲೆ ದೂರ ಸರಿದಿತ್ತು. ಒರತೆಯಲ್ಲಿ ಹೆಂಗಸರು ನೀರು ತುಂಬುತ್ತಿದ್ದರು. ಕೇತನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಕಲ್ಲೂ ಇಲ್ಲ. ಕಲ್ಲಿದ್ದ ಜಾಗದಲ್ಲೆಲ್ಲ ಜೊಂಡು ಬಿಳಿಚಿಕೊಂಡು, ಅದರದೇ ಆಕಾರದಲ್ಲಿ ಕಲೆ ಬಿದ್ದಿತ್ತು.

ಸೋವಕ್ಕ ಒಲೆಯಿಂದ ಗಂಜಿಯ ಬಟ್ಟಲು ಎತ್ತಿಕೊಂಡು ಅತ್ತೆಯ ಕಡೆ ಹೊರಟಳು. ನೇರ ನಡೆದರೆ ನಾಲ್ಕು ಹೆಜ್ಜೆ. ಅವಳು ಗೋಡೆಗುಂಟ ಹೋದಳು. ಒಂದು ಕಡೆ ಮೈ ಅಡ್ಡ ಮಾಡಿದಳು, ಇನ್ನೊಂದು ಕಡೆ ಸೀರೆಯ ನೆರಿಗೆ ಎತ್ತಿಹಿಡಿದು ಕಾಲೆತ್ತಿ ಇಟ್ಟಳು, ಅಲ್ಲಿ ದಾಟುವುದಕ್ಕೆ ಏನೂ ಇರಲಿಲ್ಲ. ಕೇತ ಬಲೆ ಹೆಗಲಿಗೆ ಹಾಕಿಕೊಂಡು ಹೊರಬಂದ. ಅವನೂ ಅದೇ ತಿರುವಿನಲ್ಲಿ ತಿರುಗಿದ. ಯಾರಿಗೂ ಅದು ತಿಳಿದಂತಿರಲಿಲ್ಲ. ಮುದುಕಿಯ ಸುತ್ತ ಮನೆಯಗಲ ಜಾಗವಿತ್ತು. ಅವಳು ಮೂಲೆಯಲ್ಲಿ ಮಂಡಿ ಎದೆಗೆ ತಂದುಕೊಂಡೇ ಮಲಗಿದ್ದಳು.

ಮಾಚಬ್ಬೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಾಲು ಚಾಚವ್ವಾ ಎನ್ನಬೇಕೆನ್ನಿಸಿತು. ಅನ್ನಲು ತಾನು ಯಾರು?

"ಯಾರೇ ಅದು ಬಾಗಿಲಲ್ಲಿ?" ಎಂದಳು ಕಣ್ಣು ಮಂಜಾದ ಮುದುಕಿ.

"ತೂಗವ್ವನವರು ಬಂದಿದ್ದಾರೆ ಅತ್ತೇ," ಎಂದಳು ಸೋವಕ್ಕ.

ಮುದುಕಿ ಗಡಬಡಿಸಿದಳು. ಇನ್ನಷ್ಟು ಗೋಡೆಗೆ ಒತ್ತಿಕೊಂಡು, ಮಡಚಿದ್ದ ಕಾಲನ್ನು ಇನ್ನೂ ಮಡಚಿ, ಬಂದವಳಿಗೆ ಕೂರಲು ಜಾಗ ಮಾಡಿಕೊಟ್ಟಳು.